ಏಳೂವರೆ ಅಂದ್ರೆ ಏಳೂವರೆ: ಜೆ.ಪಿ. ನಗರದ ರಂಗಶಂಕರ

ಮೊದಲ ಸಲ ಹೋದಾಗ ನನ್ನನ್ನು ಒಳಗೇ ಬಿಡಲಿಲ್ಲ. ಏಳೂವರೆಗೆ ನಾಟಕ, ನಾನು ಮುಟ್ಟಿದ್ದು 7.34ಕ್ಕೆ. ಟಿಕೆಟ್ ಕೈಯಲ್ಲೇ ಇತ್ತು, ಸಿಲ್ಕ್ ಬೋರ್ಡ್ ಟ್ರಾಫಿಕ್ ಕಥೆಯನ್ನೂ ಹೇಳಿ ನೋಡಿದೆ. ‘ಬಾಗಿಲು ಹಾಕಿ ಆಯ್ತು ಸರ್’ ಅಂತ ನಗುತ್ತಲೇ ಹೇಳಿದರು, ಅಷ್ಟೇ. ತಮಾಷೆ ಏನಂದ್ರೆ, ನಾನು ಬಂದ ಆಟೋದ ಹಿಂದೆ ಶಂಕರ್‌ನಾಗ್ ಫೋಟೋ ಇತ್ತು. ಶಂಕರಣ್ಣನ ಆಟೋದಲ್ಲೇ ಬಂದು ಶಂಕರಣ್ಣನ ಹೆಸರಿನ ರಂಗಮಂದಿರದಿಂದ ವಾಪಸ್!

ತಪ್ಪು ನನ್ನದೇ, ಆದರೂ ಸಿಟ್ಟು ಬಂತು. ಅಲ್ಲೇ ಕೆಫೆಯಲ್ಲಿ ಬಿಸಿ ಅಕ್ಕಿ ರೊಟ್ಟಿ ತಿಂದ ಮೇಲೆ ಅರ್ಧ ಇಳಿಯಿತು. ಉಳಿದರ್ಧ ಇಳಿದದ್ದು ಮುಂದಿನ ವಾರ, ಆರೂಮುಕ್ಕಾಲಿಗೇ ಹೋಗಿ ಕೂತಾಗ.

ಮೂರೂ ಕಡೆ ಜನ, ನಡುವೆ ರಂಗ. ಮುನ್ನೂರು ಚಿಲ್ಲರೆ ಸೀಟು, ಹಾಗಾಗಿ ಕೊನೇ ಸಾಲೂ ದೂರ ಅನ್ನಿಸುವುದಿಲ್ಲ. ಅವತ್ತಿನ ನಾಟಕದಲ್ಲಿ ಒಬ್ಬ ಅಜ್ಜಿ ಮಾತಿಲ್ಲದೆ ಅವರೆಕಾಯಿ ಸುಲಿಯುತ್ತಾ ಕೂತಿರುವ ದೃಶ್ಯ ಬಂತು, ಎರಡು ನಿಮಿಷ ಇರಬಹುದು, ಹಿತ್ತಾಳೆ ತಟ್ಟೆಗೆ ಕಾಳು ಬೀಳುವ ಟಕ್ ಟಕ್ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಯಾರೂ ಕೆಮ್ಮಲಿಲ್ಲ. ಬಾಗಿಲು ಯಾಕೆ ಹಾಕ್ತಾರೆ ಅಂತ ಆಗ ಅರ್ಥವಾಯಿತು. ಇನ್ನೊಂದು ಸಭಾಂಗಣದಲ್ಲಿ (ಹೆಸರು ಬೇಡ ಬಿಡಿ) ನಾಟಕಕ್ಕೆ ಮುಂಚೆ ಮುಕ್ಕಾಲು ಗಂಟೆ ಶಾಲು, ಹಾರ, ಭಾಷಣ, ಆಮೇಲೆ ನಾಟಕದ ಉದ್ದಕ್ಕೂ ಯಾರದ್ದೋ ರಿಂಗ್‌ಟೋನ್ ಕೇಳಿ ಬಂದವನು ನಾನು.

ನಮ್ಮ ಭಾವ ಇದಕ್ಕೆಲ್ಲ ವಿರುದ್ಧ. ‘ನಾಟಕ ಗೀಟಕಕ್ಕೆ ಸುರಿಯೋ ದುಡ್ಡಲ್ಲಿ ರಸ್ತೆ ಗುಂಡಿ ಮುಚ್ಚಬಹುದಲ್ವಾ?’ ಅಂತಾರೆ. ಗುಂಡಿ ಮುಚ್ಚಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಬೇರೆ ಲೆಕ್ಕ. 1990ರಲ್ಲಿ ಶಂಕರ್‌ನಾಗ್ ತೀರಿಕೊಂಡರು. ಅವರ ಹೆಂಡತಿ ಅರುಂಧತಿ ನಾಗ್ ಅವರು ಓಡಾಡಿ ದುಡ್ಡು ಹೊಂದಿಸಿ, 2004ರಲ್ಲಿ ಇದರ ಬಾಗಿಲು ತೆಗೆದರು. ನಡುವೆ ಹದಿನಾಲ್ಕು ವರ್ಷ. ಸುಮ್ನೆ ಶೋಕಿಗೆ ಯಾರೂ ಅಷ್ಟು ಕಾಲ ಹಟ ಹಿಡಿಯಲ್ಲ.

ವಾದ ಮಾಡುವ ಬದಲು ಭಾವನನ್ನೇ ಕರೆದುಕೊಂಡು ಹೋದೆ. ಹತ್ತು ನಿಮಿಷ ಫೋನ್ ನೋಡದಿದ್ದರೆ ಚಡಪಡಿಸುವ ಮನುಷ್ಯ ಒಂದೂವರೆ ಗಂಟೆ ಅಲುಗಾಡಲಿಲ್ಲ. ವಾಪಸ್ ಬರುವಾಗ ಬನಶಂಕರಿ ದಾಟುವ ತನಕ ತೀರಿಹೋದ ಅವರಮ್ಮನ ವಿಷಯವೇ. ಇಪ್ಪತ್ತು ವರ್ಷದಲ್ಲಿ ಅವರ ಬಾಯಲ್ಲಿ ಅಷ್ಟು ಕೇಳಿದ್ದು ಅದೇ ಮೊದಲು.

ಹೋಗುವವರಿಗೆ: ಸೋಮವಾರ ರಜೆ. ಚಿಕ್ಕ ಮಕ್ಕಳಿದ್ದರೆ ಯಾವ ವಯಸ್ಸಿನವರನ್ನು ಬಿಡ್ತಾರೆ ಅಂತ ಮೊದಲೇ ನೋಡಿಕೊಳ್ಳಿ. ರೊಟ್ಟಿ ತಿನ್ನೋಕೆ ಟೈಮ್ ಇಟ್ಟುಕೊಂಡು ಹೊರಡಿ.

ಬರುವ ಶನಿವಾರಕ್ಕೆ ಭಾವನೇ ಎರಡು ಟಿಕೆಟ್ ಬುಕ್ ಮಾಡಿದ್ದಾರೆ. ಐದಕ್ಕೇ ಮನೆ ಬಿಡಬೇಕಂತೆ.