ಕೋಚಿಂಗ್ ಸೆಂಟರ್‌ಗೆ ಸೇರೋ ಲೆಕ್ಚರರ್‌ಗಳೇ, 14ನೇ ಕಲಂ ಓದದೆ ಸೈ ಮಾಡಬೇಡ್ರಿ

ಎಂಬತ್ತು ಸಾವಿರ ರೂಪಾಯಿ. ಕೆಲಸ ಬಿಟ್ಟ ಮೇಲೆ ಬೇರೆ ಕಡೆ ಪಾಠ ಹೇಳಬಾರದು ಅನ್ನೋ ಕರಾರಿನ ಕಲಂಗೆ ಹೆದರಿ ಹಳೇ ಸೆಂಟರ್‌ಗೆ ಕೊಟ್ಟೆ. ಕೊಡಬೇಕಾಗಿಯೇ ಇರಲಿಲ್ಲ. ಒಂದು ಪೈಸೆನೂ ಕೊಡಬೇಕಾಗಿರಲಿಲ್ಲ. ಇದನ್ನ ಬರೆಯೋಕೆ ನಾಚಿಕೆ ಆಗ್ತದೆ. ಆದ್ರೂ ಬರೀತೀನಿ, ಯಾಕಂದ್ರೆ ಈಗ ಕಲಬುರಗಿಯ ಕೋಚಿಂಗ್ ಸೆಂಟರ್‌ಗಳು ಹೊಸ ಸ್ಟಾಫ್ ತಗೊಳ್ಳೋ ಹೊತ್ತು. ನಿಮ್ಮ ಮುಂದೂ ಒಂದು ಇ-ಸ್ಟಾಂಪ್ ಕಾಗದದ ಕಟ್ಟು ಬಂದು ಕೂತಿರ್ತದೆ.

ನಾನು ಫಿಸಿಕ್ಸ್ ಹೇಳೋನು. ಪಿಯು, ನೀಟ್, ಸಿಇಟಿ. ನಮ್ಮೂರಿನ ಒಂದು ಸೆಂಟರ್‌ನಲ್ಲಿ ಮೂರು ವರ್ಷ ಮಾಡಿದೆ. ಹೆಸರು ಹೇಳಲ್ಲ, ಕೇಳಬೇಡ್ರಿ. ಹೇಳಿದ್ರೆ ಅದಕ್ಕೊಂದು ನೋಟಿಸ್ ಬರ್ತದೆ.

ಸೇರಿದ ದಿನದ್ದು ಇನ್ನೂ ಕಣ್ಣಿಗೆ ಕಟ್ಟಿದಂಗದೆ. ಇಂಗ್ಲಿಷ್‌ನಲ್ಲಿ 16 ಪುಟ. ಸಹಿ ಎಲ್ಲೆಲ್ಲಿ ಹಾಕಬೇಕೋ ಅಲ್ಲೆಲ್ಲಾ ಮೊದಲೇ ಪೆನ್ಸಿಲ್‌ನಿಂದ ಸಣ್ಣ ಗುಣಾಕಾರದ ಗುರುತು. ಮ್ಯಾನೇಜರ್ ನನ್ನ ಪಕ್ಕದಲ್ಲೇ ನಿಂತು, ಪುಟದ ಕೆಳಗಿನ ಮೂಲೆ ಮಾತ್ರ ಎತ್ತಿ ಎತ್ತಿ ತೋರಿಸ್ತಿದ್ದ. "ಎಲ್ಲಾ ಕಡಿ ಇದೇ ಫಾರ್ಮ್ಯಾಟ್ ಸರ್, ಸುಮ್ನ ಫಾರ್ಮ್ಯಾಲಿಟಿ." ನನಗೊಂದು ಕಾಪಿ ಕೊಡ್ರಿ ಅಂದೆ. "ಝೆರಾಕ್ಸ್ ಮಷೀನ್ ಕೆಟ್ಟದ ಸರ್, ನಾಳಿ ಕೊಡ್ತೀವಿ." ಅದೇ ಹೊತ್ತಿಗೆ ಪಕ್ಕದ ರೂಮಿನಲ್ಲಿ ಮಷೀನ್ ಖಟಖಟ ಅಂತ ಸಂಡೇ ಟೆಸ್ಟಿನ ಪೇಪರ್ ಹೊಡೀತಿತ್ತು. ನನಗೆ ಕೇಳಿಸ್ತಿತ್ತು! ಕೇಳಿಸಿಯೂ ಸುಮ್ಮನಿದ್ದೆ. ಕೆಲಸ ಸಿಕ್ಕಿತಲ್ಲ ಅನ್ನೋ ಖುಷಿ.

ಎಂ.ಎಸ್ಸಿ, ಬಿ.ಎಡ್ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಟ್ಟೆ. "ವೆರಿಫಿಕೇಶನ್‌ಗೆ" ಅಂದ್ರು. ಮೊತ್ತ ಬರೆಯದೆ ಎರಡು ಚೆಕ್‌ಗೆ ಸಹಿ ಹಾಕಿ ಅದನ್ನೂ ಕೊಟ್ಟೆ. ಹೌದು, ಕೊಟ್ಟೆ. ಬೈಯೋರು ಬೈಯ್ರಿ.

ಮೂರು ವರ್ಷ ತಕರಾರಿಲ್ಲ, ಅದನ್ನೂ ಹೇಳಬೇಕು. ಸಂಬಳ ತಡ ಆಗ್ತಿತ್ತು, ಆದರೆ ಬರ್ತಿತ್ತು. ಈ ವರ್ಷ ಪರೀಕ್ಷೆ ಎಲ್ಲಾ ಮುಗಿಸಿ, ಒಂದು ತಿಂಗಳ ನೋಟಿಸ್ ಕೊಟ್ಟು, ಪೋರ್ಶನ್ ಪೂರ್ತಿ ಮಾಡಿಯೇ ಬಿಟ್ಟೆ. ನಡುವೆ ಕೈಕೊಟ್ಟು ಹೋದವನಲ್ಲ ನಾನು. ಬೇರೆ ಸೆಂಟರ್‌ನವರು ಹತ್ತು ಸಾವಿರ ಜಾಸ್ತಿ ಕೊಡ್ತೀನಿ ಅಂದಿದ್ರು, ಒಪ್ಪಿಕೊಂಡೆ. ಅವರು ಖುಷಿಗೆ ನನ್ನ ಫೋಟೋ ಹಾಕಿ ಜಗತ್ ಸರ್ಕಲ್ ಹತ್ರ ಫ್ಲೆಕ್ಸ್ ಕಟ್ಟಿಸಿದ್ರು.

ಅವತ್ತೇ ರಾತ್ರಿ ಒಂಬತ್ತಕ್ಕೆ ಹಳೇ ಡೈರೆಕ್ಟರ್ ಫೋನು.

"ಸರ್, ಫೋಟೋ ಭಾರಿ ಚಂದ ಬಂದದ ನಿಮ್ದು."

ನಾನು ನಕ್ಕೆ. ಖರೇನೇ ನಕ್ಕೆ, ಥ್ಯಾಂಕ್ಸ್ ಸರ್ ಅಂದೆ.

"14ನೇ ಕಲಂ ನೆನಪದ ಅಲ್ಲ?"

ಏನು ಕಲಂ? ವಾಟ್ಸಾಪ್‌ನಲ್ಲಿ ಆ ಒಂದು ಪುಟದ ಫೋಟೋ ಬಂತು. ಕೆಲಸ ಬಿಟ್ಟ ಮೇಲೆ ಎರಡು ವರ್ಷ, 50 ಕಿಲೋಮೀಟರ್ ಒಳಗೆ, ಫಿಸಿಕ್ಸ್ ಆಗಲಿ ಅದಕ್ಕೆ ಸಂಬಂಧಪಟ್ಟ ವಿಷಯ ಆಗಲಿ, ಯಾವ ಸಂಸ್ಥೆಯಲ್ಲೂ, ಮನೆ ಟ್ಯೂಶನ್ ರೂಪದಲ್ಲೂ, ಆನ್‌ಲೈನ್‌ನಲ್ಲೂ ಹೇಳಿಕೊಡಬಾರದು. ಮೀರಿದರೆ ಮೂರು ಲಕ್ಷ. ಕೆಳಗೆ ನನ್ನ ಸಹಿ. ನನ್ನದೇ ಸಹಿ.

50 ಕಿಲೋಮೀಟರ್ ಅಂದ್ರೆ ಲೆಕ್ಕ ಹಾಕ್ರಿ: ಶಹಾಬಾದ್, ಚಿತ್ತಾಪುರ, ಜೇವರ್ಗಿ, ಆಳಂದ ಎಲ್ಲಾ ಒಳಗೇ ಬಂತು. ಬೀದರ್‌ಗೋ ಯಾದಗಿರಿಗೋ ಗಂಟುಮೂಟೆ ಕಟ್ಟಬೇಕು. ನನ್ನ ಅಕ್ಕನ ಮಗಳಿಗೆ ಮನೆಯಲ್ಲಿ ಕೂಡಿಸಿಕೊಂಡು ನ್ಯೂಟನ್ನನ ನಿಯಮ ಹೇಳಿದ್ರೂ ಮೂರು ಲಕ್ಷ!

ಮರುದಿನ ಹೋದೆ. ಒಂದು ಗಂಟೆ ಹೊರಗೆ ಕೂಡಿಸಿದ್ರು. ಒಳಗೆ ಕರೆದ ಮೇಲೆ ಡೈರೆಕ್ಟರ್ ಅಂದ ಮಾತು ಒಂದೊಂದೂ ನೆನಪದೆ. "ನಿಮ್ಮನ್ನ ಬೆಳಿಸಿದ್ದು ನಾವು. ನಮ್ಮ ಹುಡುಗರನ್ನ ಕರ್ಕೊಂಡು ಹೋಗ್ತೀರಿ, ನಾವು ಚಹಾ ಕುಡ್ಕೊಂತ ಕೂಡ್ಬೇಕಾ?" ನನಗೆ ಬೇರೆ ಏನು ಬರ್ತದೆ ಸರ್, ಪಾಠ ಬಿಟ್ಟು ಏನು ಮಾಡ್ಲಿ ಅಂದೆ. "ಅದು ಸೈ ಮಾಡೋ ಮುಂದ ವಿಚಾರ ಮಾಡ್ಬೇಕಿತ್ತು." ಇನ್ನೊಂದು: "ಹೈಕೋರ್ಟ್ ಬೆಂಚ್ ಇಲ್ಲೇ ಅದ ಸರ್, ನಮಗ ಬೆಂಗಳೂರಿಗಿ ಹೋಗೋ ತ್ರಾಸೂ ಇಲ್ಲ." ನಗ್ತಾ ಹೇಳಿದ್ದು.

ಮಾರ್ಕ್ಸ್ ಕಾರ್ಡ್ ಕೇಳಿದೆ. "ಮ್ಯಾಟರ್ ಮುಗೀಲಿ, ಕೊಡ್ತೀವಿ."

ಹೊಸ ಸೆಂಟರ್‌ನವರು ಏನಂದ್ರು ಗೊತ್ತಾ? "ನಿಮ್ಮ ಮ್ಯಾಟರ್ ಮುಗಿಸ್ಕೊಂಡು ಬರ್ರಿ ಸರ್." ಎರಡೂ ಕಡೆ ಅದೇ ಮಾತು, ಮ್ಯಾಟರ್, ಮ್ಯಾಟರ್. ಫ್ಲೆಕ್ಸ್ ಮೂರೇ ದಿನಕ್ಕೆ ಇಳೀತು.

ಮೂರು ಲಕ್ಷ ಚೌಕಾಸಿ ಆಗಿ ಎಂಬತ್ತು ಸಾವಿರಕ್ಕೆ ನಿಂತಿತು. ಹೆಂಡತಿಯ ಚಿನ್ನದ ಬಳೆ, ಪಾಟ್ಲಿ, ಬ್ಯಾಂಕಿನಲ್ಲಿ ಅಡವಿಟ್ಟು ನಗದು ತಗೊಂಡು ಹೋದೆ. ರಸೀದಿ ಕೇಳಿದ್ರೆ "ನಂಬಿಕಿ ಮ್ಯಾಲ ನಡೀತದ ಸರ್ ಇದೆಲ್ಲ" ಅಂದ. ನಂಬಿಕೆ! ಮಾರ್ಕ್ಸ್ ಕಾರ್ಡ್ ಕೊಟ್ರು, ಅದಕ್ಕೂ ಪಂಚಿಂಗ್ ಮಷೀನ್‌ನಿಂದ ಎರಡು ತೂತು ಹೊಡೆದು ಫೈಲಿಗೆ ಹಾಕಿಟ್ಟಿದ್ರು. ಚೆಕ್ ಎಲ್ಲಿ ಅಂದ್ರೆ ಲಾಕರ್‌ನಲ್ಲಿ, ಆಮೇಲೆ ಬರ್ರಿ.

ಈಗ ಕೇಳ್ರಿ, ಹೊಟ್ಟೆ ಉರಿಯೋದು ಇಲ್ಲಿ. ದುಡ್ಡು ಕೊಟ್ಟ ಹತ್ತು ದಿನಕ್ಕೆ ಪರಿಚಯದ ಒಬ್ಬ ವಕೀಲರಿಗೆ ಆ ಪುಟ ತೋರಿಸಿದೆ, ಚೆಕ್ ಹೇಗೆ ತಗೋಬೇಕು ಅಂತ ಕೇಳೋಕೆ. ಅವರು ಕನ್ನಡಕ ಏರಿಸಿ ಅರ್ಧ ನಿಮಿಷ ಓದಿದ್ರು. "ಇದಕ್ಕ ರೊಕ್ಕ ಕೊಟ್ಟ್ ಬಂದೀರೇನ್ರಿ ಸರ?"

1872ರ ಕಾಂಟ್ರ್ಯಾಕ್ಟ್ ಆಕ್ಟ್, 27ನೇ ಸೆಕ್ಷನ್. ಒಬ್ಬರು ನ್ಯಾಯವಾಗಿ ಮಾಡೋ ಉದ್ಯೋಗ, ವ್ಯಾಪಾರಕ್ಕೆ ಅಡ್ಡಿ ಹಾಕೋ ಕರಾರು ಆ ಮಟ್ಟಿಗೆ ಅನೂರ್ಜಿತ. ಅಂಗಡಿಯನ್ನೇ ಗುಡ್‌ವಿಲ್, ಅಂದ್ರೆ ಅದು ಗಳಿಸಿದ ಹೆಸರು, ಸಮೇತ ಮಾರಿದವನಿಗೆ ಮಾತ್ರ ಬೇರೆ ಲೆಕ್ಕ. ನಾನೇನು ಮಾರಿದ್ದೆ? ಕಲಬುರಗಿ ಇನ್ನೂ ನಿಜಾಮರ ಕೈಲಿದ್ದಾಗ ಬ್ರಿಟಿಷರು ಬರೆದ ಕಾನೂನು ಇದು, ನನಗೆ ಗೊತ್ತಾಗಿದ್ದು ಪಾಟ್ಲಿ ಅಡವಿಟ್ಟ ಮೇಲೆ. 1980ರಲ್ಲಿ ಸುಪ್ರೀಂ ಕೋರ್ಟ್‌ಗೆ ಇಂಥದೇ ಕೇಸ್ ಹೋಗಿತ್ತಂತೆ, ಸೂಪರಿಂಟೆಂಡೆನ್ಸ್ ಕಂಪನಿ ಮತ್ತು ಕ್ರಿಶನ್ ಮುರ್ಗಾಯಿ ನಡುವೆ. ಅಲ್ಲೂ ಎರಡು ವರ್ಷದ ನಿರ್ಬಂಧ, ಕಂಪನಿ ಸೋತಿತು. ಎರಡು ವರ್ಷ ಜಾಸ್ತಿ ಆಯ್ತು, ಆರು ತಿಂಗಳಾದ್ರೆ ಸರಿ ಅನ್ನೋ ತೂಕನೂ ಇಲ್ಲ. ಕೆಲಸ ಬಿಟ್ಟ ಮೇಲಿನ ಇಂಥ ನಿರ್ಬಂಧ ನಮ್ಮ ದೇಶದಲ್ಲಿ ನಿಲ್ಲಲ್ಲ ಅಂದ್ರು ವಕೀಲರು.

ಹಂಗಂತ ಎಲ್ಲಾ ಕಲಂ ಕಸ ಅಂತ ತಿಳೀಬೇಡ್ರಿ. ಕೆಲಸದಲ್ಲಿ ಇರೋವಾಗ ಇನ್ನೊಂದು ಕಡೆ ಹೇಳಬಾರದು ಅನ್ನೋದು ನಡೀತದೆ, 1967ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಗೋಲಿಕರಿ ಕೇಸ್‌ನಿಂದ. ಇಷ್ಟು ವರ್ಷ ಇರಲೇಬೇಕು ಅನ್ನೋ ಬಾಂಡ್ ಕೂಡ ನಡೆಯಬಹುದು. 2025ರಲ್ಲಿ ವಿಜಯಾ ಬ್ಯಾಂಕ್ ಕೇಸ್‌ನಲ್ಲಿ ಮೂರು ವರ್ಷಕ್ಕೆ ಎರಡು ಲಕ್ಷದ ಬಾಂಡನ್ನ ಸುಪ್ರೀಂ ಕೋರ್ಟ್ ಎತ್ತಿಹಿಡಿದದೆ. ನಿಜ ಹೇಳ್ತೀನಿ, ಅದು ನನಗೂ ಸರಿ ಅನಿಸ್ತದೆ. ನಮ್ಮ ಕೆಮಿಸ್ಟ್ರಿಯವನು ಒಬ್ಬ ಡಿಸೆಂಬರ್‌ನಲ್ಲಿ, ಪರೀಕ್ಷೆ ಎರಡು ತಿಂಗಳಿರೋವಾಗ ಎದ್ದು ಹೋದ. ಹುಡುಗರು ಅತ್ತಿದ್ದು ನೋಡೀನಿ, ಪಾಲಕರು ಬಂದು ಡೈರೆಕ್ಟರ್ ಕೊರಳಪಟ್ಟಿ ಹಿಡಿದಿದ್ದೂ ನೋಡೀನಿ. ಅಂಥವನ ಹತ್ರ ವಸೂಲಿ ಮಾಡ್ಲಿ. ಸೆಂಟರ್ ದುಡ್ಡು ಹಾಕಿ ಅಚ್ಚು ಹಾಕಿಸಿದ ಕ್ವೆಶ್ಚನ್ ಬ್ಯಾಂಕ್ ಕದ್ದೊಯ್ದರೆ ಕೇಸ್ ಹಾಕ್ಲಿ. ನನ್ನ ತಲೆಯಲ್ಲಿರೋ ಫಿಸಿಕ್ಸ್ ಅವರದ್ದು ಹೇಗಾಯ್ತು? ಎರಡು ವರ್ಷ ಸುಮ್ಮನಿರು ಅಂದ್ರೆ ಎರಡು ವರ್ಷದ ಸಂಬಳ ಕೊಡ್ತೀರೇನು? ಒಂದು ರೂಪಾಯಿ ಇಲ್ಲ.

ಕೊಟ್ಟ ದುಡ್ಡಿಗೆ ರಸೀದಿ ಇಲ್ಲ, ಹೋಯ್ತು ಅದು. ಹೆಂಡತಿ ಬೈಯಲಿಲ್ಲ, ಒಂದೇ ಮಾತು ಕೇಳಿದಳು: "ಪ್ರಶ್ನಿ ಪೂರ್ತಿ ಓದಿ ಉತ್ತರ ಬರೀರಿ ಅಂತ ಹುಡುಗರಿಗಿ ದಿನಾ ಹೇಳ್ತೀರಲ್ಲ?" ಬೈದಿದ್ರೆ ಚಲೋ ಇತ್ತು.

ನಿಮಗೆ ಹೇಳೋದು ಇಷ್ಟೇ. ಒರಿಜಿನಲ್ ತೋರಿಸಿ ಅಲ್ಲೇ ವಾಪಸ್ ತಗೋರಿ. ಖಾಲಿ ಚೆಕ್ ಕೊಡಬೇಡ್ರಿ, ಕೊಡಬೇಡ್ರಿ, ಕೊಡಬೇಡ್ರಿ. ಕೊಟ್ಟಾಗಿದ್ರೆ ಬ್ಯಾಂಕ್‌ಗೂ ಅವರಿಗೂ ಬರೆದು ತಿಳಿಸಿ ನಕಲು ಇಟ್ಕೋರಿ. ಈ ಚೆಕ್‌ಗೆ ದುಡ್ಡು ಕೊಡಬೇಡ್ರಿ ಅಂತ ಬ್ಯಾಂಕ್‌ಗೆ ಹೇಳಿ ಸ್ಟಾಪ್ ಪೇಮೆಂಟ್ ಹಾಕಿದ ಮಾತ್ರಕ್ಕೆ ಕೇಸ್ ಬರೋದೇ ಇಲ್ಲ ಅಂತಲ್ಲ, ಚೆಕ್ ಬೌನ್ಸ್ ನೋಟಿಸ್ ಬಂದ್ರೆ ನಿಮಗಿರೋದು 15 ದಿನ, ಕಾಗದ ಕೈಗೆ ಬಂದ ದಿನನೇ ವಕೀಲರ ಹತ್ರ ಓಡ್ರಿ. ಫೀಸಿಗೆ ದುಡ್ಡಿಲ್ಲ ಅಂದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅದೆ. ಹೆಣ್ಣುಮಕ್ಕಳಿಗೆ, ಎಸ್‌ಸಿ ಎಸ್‌ಟಿಯವರಿಗೆ ಆದಾಯ ಎಷ್ಟಿದ್ರೂ ಅಲ್ಲಿ ವಕೀಲರು ಪುಕ್ಕಟೆ. ನಾನು ಮೊದಲು ಅಲ್ಲಿಗೆ ಹೋಗಿ ಕೇಳಬೇಕಿತ್ತು, ಬ್ಯಾಂಕಿಗಲ್ಲ.

ಮ್ಯಾಟರ್ ಮುಗೀತು ಅಂತ ಸೋಮವಾರ ಹೊಸ ಸೆಂಟರ್‌ಗೆ ಹೋದೆ. ಅವರೂ ಒಂದು ಕಟ್ಟು ಮುಂದಿಟ್ರು. ಈ ಸಲ ಕೂತು ಓದಿದೆ, ಒಂದೊಂದು ಸಾಲೂ. 11ನೇ ಕಲಂ: ಎರಡು ವರ್ಷ, 75 ಕಿಲೋಮೀಟರ್. ನೋಡಿ ನಗು ಬಂತು. "ಸುಮ್ನ ಫಾರ್ಮ್ಯಾಲಿಟಿ ಸರ್" ಅಂದ್ರು. ಫಾರ್ಮ್ಯಾಲಿಟಿ ಆದ್ರೆ ತೆಗೀಲಿಕ್ಕೇನು ಅಂತ ಆ ಕಲಮಿನ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ ವಾಪಸ್ ಕೊಟ್ಟೆ. "ಡೈರೆಕ್ಟರ್‌ಗೆ ಕೇಳಿ ಫೋನ್ ಮಾಡ್ತೀವಿ" ಅಂದಿದ್ರು.

ಇವತ್ತು ಶುಕ್ರವಾರ. ಫೋನ್ ಬಂದಿಲ್ಲ.