ಡೋಲ್ಮಾಬಾಹ್ಚೆ ಅರಮನೆಗೆ 'ಅರ್ಧ ದಿನದ ಟೂರ್': ಬುಕ್ ಮಾಡುವ ಮುಂಚೆ ಇದನ್ನು ಓದಿ

ಇಸ್ತಾಂಬುಲ್‌ನಲ್ಲಿ ಕ್ರೂಸ್ ಹಡಗುಗಳು ನಿಲ್ಲುವ ಗಲಾಟಾಪೋರ್ಟ್‌ನಿಂದ ಡೋಲ್ಮಾಬಾಹ್ಚೆ ಅರಮನೆಗೆ ಸುಮಾರು 2 ಕಿಲೋಮೀಟರ್ ಅಷ್ಟೇ. ಟೂರ್ ಮಾರುವವರು ಈ ಒಂದು ವಿಷಯ ಮಾತ್ರ ಬಾಯಿ ಬಿಡುವುದಿಲ್ಲ. ಹೇಳಿದರೆ ಅವರ ಬಸ್ ಯಾರು ಹತ್ತುತ್ತಾರೆ?

ನಾವು ಹಡಗಿಗೆ ಸಂಬಂಧವಿಲ್ಲದ ಹೊರಗಿನ ಏಜೆನ್ಸಿಯೊಂದರಲ್ಲಿ ಮೊದಲೇ ದುಡ್ಡು ಕಟ್ಟಿದ್ದೆವು. ಬಸ್ ತುಂಬುವವರೆಗೆ ಕಾಯಿಸಿದರು. ಆಮೇಲೆ ಕರಾವಳಿ ರಸ್ತೆಯ ಟ್ರಾಫಿಕ್. ಹೋಗಿ ಇಳಿಸಿದ್ದು ಅರಮನೆಗಲ್ಲ, ಕಾರ್ಪೆಟ್ ಅಂಗಡಿಗೆ! 'ನೇಯ್ಗೆ ತೋರಿಸ್ತೀವಿ, ಹತ್ತೇ ನಿಮಿಷ' ಅಂದರು. ಸೇಬಿನ ಚಹಾ ಕೊಟ್ಟು ಕೂರಿಸಿ, ಒಂದಾದ ಮೇಲೊಂದು ಕಾರ್ಪೆಟ್ ಬಿಚ್ಚುತ್ತಲೇ ಹೋದರು. ಎದ್ದು ಹೊರಡೋಣ ಅಂದರೆ ಬಸ್ಸೇ ಅಲ್ಲಿರಲಿಲ್ಲ.

ಅರಮನೆ ತಲುಪುವಷ್ಟರಲ್ಲಿ ಗೈಡ್‌ಗೆ ಗಡಿಬಿಡಿ. ಸುಲ್ತಾನ್ ಅಬ್ದುಲ್‌ಮೆಜಿದ್ ಕಟ್ಟಿಸಿ 1856ರಲ್ಲಿ ಮುಗಿದ ಅರಮನೆ, 285 ಕೋಣೆ. ಸ್ಫಟಿಕದ ಕಂಬಗಳಿರುವ ಮೆಟ್ಟಿಲ ಹತ್ತಿರ ನಿಲ್ಲಲೂ ಬಿಡಲಿಲ್ಲ. ದರ್ಬಾರ್ ಹಾಲ್‌ನಲ್ಲಿ ನಾಲ್ಕೂವರೆ ಟನ್ ತೂಕದ ದೀಪಗುಚ್ಛ ನೋಡುತ್ತಿದ್ದಂತೆ ಹೊರಗೆ ಕರೆದರು. ಅದು ವಿಕ್ಟೋರಿಯಾ ರಾಣಿಯ ಉಡುಗೊರೆ ಅಂತ ಬೇರೆ ಹೇಳಿದರು. ಪೂರ್ತಿ ಹಣ ಕೊಟ್ಟು ಕೊಂಡ ರಶೀದಿ 2006ರಲ್ಲೇ ಸಿಕ್ಕಿದೆ, ಪಾಪ!

ಹರಮ್ (ಅಂತಃಪುರ) ಭಾಗ ಪ್ಯಾಕೇಜ್‌ನಲ್ಲಿ ಇಲ್ಲ ಅಂತ ಗೊತ್ತಾಗಿದ್ದು ಅಲ್ಲೇ. ನನಗೆ ಜಾಸ್ತಿ ಹೊಟ್ಟೆ ಉರಿದದ್ದು ಇದಕ್ಕೆ. 1938ರ ನವೆಂಬರ್ 10ರಂದು ಟರ್ಕಿ ಗಣರಾಜ್ಯದ ಸ್ಥಾಪಕ ಅತಾತುರ್ಕ್ ತೀರಿಕೊಂಡ ಕೋಣೆ ಇರುವುದು ಆ ಭಾಗದಲ್ಲಿ. ಕೋಣೆಯ ಗಡಿಯಾರವನ್ನು ಅವರು ಕೊನೆಯುಸಿರೆಳೆದ 9:05ಕ್ಕೇ ನಿಲ್ಲಿಸಿದ್ದಾರಂತೆ. ಅದನ್ನು ನೋಡಬೇಕೆಂದೇ ನಾನು ಹೋಗಿದ್ದು. ಏಜೆನ್ಸಿಗೆ ಬರೆದರೆ 'ಷರತ್ತು ಓದಿ' ಅನ್ನುವ ಉತ್ತರ ಬಂತು. ಷರತ್ತಿನಲ್ಲಿ ಕಾರ್ಪೆಟ್ ಅಂಗಡಿಯ ಹೆಸರೇ ಇಲ್ಲ, ಅದು ಬೇರೆ ಮಾತು.

ನೀವೇ ಹೋಗುವುದು ಸುಲಭ. ಗಲಾಟಾಪೋರ್ಟ್ ಪಕ್ಕದಲ್ಲೇ ಟಿ1 ಟ್ರಾಮ್ ಇದೆ. ಕರಾಕೋಯ್ ಅಥವಾ ತೊಪ್‌ಹಾನೆಯಲ್ಲಿ ಹತ್ತಿ, ಕೊನೆಯ ನಿಲ್ದಾಣ ಕಬಾತಾಶ್‌ನಲ್ಲಿ ಇಳಿದು ಸ್ವಲ್ಪ ನಡೆದರೆ ಸಾಕು. ಬೆಳಗ್ಗೆ ಬೇಗ ಹೋಗಿ, ಕ್ಯೂ ಕಡಿಮೆ. ಒಳಗೆ ಫೋಟೋ ತೆಗೆಯುವಂತಿಲ್ಲ. ಟಿಕೆಟ್ ಕೊಳ್ಳುವಾಗ ಹರಮ್ ಸೇರಿದೆಯಾ ಅಂತ ಕೇಳಿ.

ಟೂರೇ ಬೇಕೆಂದರೆ ಹಡಗಿನವರದ್ದನ್ನೇ ತೆಗೆದುಕೊಳ್ಳಿ. ತಡವಾದರೆ ಸಾಮಾನ್ಯವಾಗಿ ಹಡಗು ತನ್ನ ಟೂರ್‌ಗೆ ಹೋದವರಿಗೆ ಕಾಯುತ್ತದೆ, ಹೊರಗಿನವರ ಜೊತೆ ಹೋದವರಿಗೆ ಕಾಯುವುದಿಲ್ಲ. ಇನ್ನೊಂದು, ಈ ಅರಮನೆಗೆ ಸೋಮವಾರ ರಜೆ. ನಿಮ್ಮ ಹಡಗು ಸೋಮವಾರ ಬರುವುದಾದರೆ ಅದೇ ಟ್ರಾಮ್‌ನಲ್ಲಿ ಎದುರು ದಿಕ್ಕಿಗೆ ಹೋಗಿ ಟೋಪ್‌ಕಾಪಿ ಅರಮನೆ ನೋಡಿ. ಅದಕ್ಕೆ ರಜೆ ಮಂಗಳವಾರ.