ಸ್ಯಾಟಿನ್ ನೈಟ್ ಕ್ಯಾಪ್: 14 ತಿಂಗಳಾದ ಮೇಲೆ, ಆ ಎಲಾಸ್ಟಿಕ್ ಬಗ್ಗೆ

ಮಲಗಿದಾಗ ಕೂದಲು ದಿಂಬಿಗೆ ಉಜ್ಜದಿರಲಿ ಅಂತ ತಲೆಗೆ ಹಾಕಿಕೊಳ್ಳುವ ನುಣುಪು ಬಟ್ಟೆಯ ಟೋಪಿ ಇದು. ಈ ಕ್ಯಾಪ್ ಕೊಂಡ ಎರಡನೇ ವಾರಕ್ಕೇ ಐದು ಸ್ಟಾರ್ ಕೊಟ್ಟಿದ್ದೆ. ಏಳನೇ ತಿಂಗಳಲ್ಲಿ ಸಿಟ್ಟು ಬಂದು ಎರಡಕ್ಕೆ ಇಳಿಸಿದೆ. ಈಗ 14 ತಿಂಗಳಾಗಿವೆ, ಮೂರೂವರೆ ಕೊಡಬಹುದು ಅನ್ನಿಸುತ್ತಿದೆ. ಇಷ್ಟೆಲ್ಲ ಏರಿಳಿತಕ್ಕೆ ಕಾರಣ ಬಟ್ಟೆಯಲ್ಲ, ಬಣ್ಣವಲ್ಲ. ಕುತ್ತಿಗೆಯ ಹಿಂದೆ ಕೂರುವ ಬೆರಳಗಲದ ಎಲಾಸ್ಟಿಕ್.

ನನ್ನ ಕೂದಲು ಅರ್ಧ ಬೆನ್ನಿಗೆ ಬರುತ್ತದೆ. ಅಲೆಅಲೆಯಾಗಿದೆ, ಸಿಕ್ಕು ಜಾಸ್ತಿ. ಒಂದೇ ಮಗ್ಗುಲಲ್ಲಿ ಸುಮ್ನೆ ಮಲಗುವ ಜಾತಿಯೂ ನಾನಲ್ಲ. ಬೆಳಗಾಗುವಷ್ಟರಲ್ಲಿ ದಿಂಬು ಒಂದು ಕಡೆ, ನಾನೊಂದು ಕಡೆ. ಹತ್ತಿ ದಿಂಬಿನ ಮೇಲೆ ಹೀಗೆ ಹೊರಳಾಡಿದರೆ ಕೂದಲಿನ ಗತಿ ಏನಾಗುತ್ತದೆ ಅಂತ ನಿಮಗೂ ಗೊತ್ತಿರುತ್ತದೆ. ಕೂದಲಿನ ಮೇಲ್ಪದರ ಹೆಂಚು ಹೊದಿಸಿದ ಹಾಗಿರುತ್ತದೆ, ಒಂದರ ಮೇಲೊಂದು ಸಣ್ಣ ಪದರ, ಎಲ್ಲದರ ಮೂತಿಯೂ ತುದಿಯ ಕಡೆಗೆ. ಉಜ್ಜಿ ಉಜ್ಜಿ ಆ ಹೆಂಚುಗಳು ಎದ್ದುಕೊಂಡರೆ ಒಂದು ಕೂದಲು ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ. ಬಾಚುವಾಗ ಮುರಿಯುತ್ತದೆ.

ಆ ಮಟ್ಟಿಗೆ ಕ್ಯಾಪ್ ಹೇಳಿದ ಕೆಲಸ ಮಾಡಿತು. ಬೆಳಿಗ್ಗೆ ಸಿಕ್ಕು ಬಿಡಿಸುವ ಯುದ್ಧ ನಿಂತುಹೋಯಿತು. ತುದಿ ಸೀಳುವುದು ಕಡಿಮೆಯಾಯಿತು. ಅದಕ್ಕೇ ಆ ಐದು ಸ್ಟಾರ್.

ನಾಲ್ಕೈದು ತಿಂಗಳಾದ ಮೇಲೆ ಕೂದಲು ಮೇಲೆತ್ತಿ ತುರುಬು ಕಟ್ಟಿದಾಗೆಲ್ಲ ಕುತ್ತಿಗೆ ಹಿಂದೆ ಬ್ರಷ್ಷಿನ ಹಾಗೆ ಗಿಡ್ಡ ಕೂದಲು ನಿಲ್ಲತೊಡಗಿತು. ಹೊಸ ಕೂದಲು ಬರುತ್ತಿದೆ ಅಂತ ಖುಷಿಯೂ ಪಟ್ಟೆ ನೋಡಿ! ಇನ್ನೂ ಎರಡು ತಿಂಗಳು ಕಳೆದರೂ ಅದು ಉದ್ದವಾಗಲಿಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಆದರೂ ಬೆಳೆಯುತ್ತದೆ. ಇದು ಮಾತ್ರ 4 ಸೆಂಟಿಮೀಟರಿಗೇ ನಿಂತಿತ್ತು. ಫೋನ್ ಕ್ಯಾಮೆರಾದಲ್ಲಿ ಹತ್ತಿರದಿಂದ ಫೋಟೋ ತೆಗೆದು ಹಿಗ್ಗಿಸಿ ನೋಡಿದೆ. ಹೊಸದಾಗಿ ಹುಟ್ಟಿದ ಕೂದಲಿನ ತುದಿ ಚೂಪಾಗಿ, ಸಣ್ಣಗಾಗುತ್ತಾ ಹೋಗುತ್ತದೆ. ನನ್ನವು ಮೊಂಡಾಗಿದ್ದವು, ಕೆಲವು ಪೊರಕೆ ಕಡ್ಡಿಯ ಹಾಗೆ ಸೀಳಿದ್ದವು. ಅಂದರೆ ಹುಟ್ಟುತ್ತಿರಲಿಲ್ಲ, ತುಂಡಾಗುತ್ತಿದ್ದವು.

ಮೊದಲು ಶಾಂಪೂ ಮೇಲೆ ಅನುಮಾನ. ಬದಲಾಯಿಸಿದೆ, ಏನೂ ಆಗಲಿಲ್ಲ. ಆಮೇಲೆ ಜಾಕೆಟ್ಟಿನ ಕಾಲರ್. ಅದೂ ಅಲ್ಲ, ಬೇಸಿಗೆಯಲ್ಲೂ ಮುರಿಯುತ್ತಿತ್ತು. ಕ್ಯಾಪ್ ಮೇಲೆ ಅನುಮಾನವೇ ಬರಲಿಲ್ಲ. ಕಾವಲಿಗೆ ಇಟ್ಟವನನ್ನೇ ಕಳ್ಳ ಅಂತ ಯಾರು ಅಂದುಕೊಳ್ಳುತ್ತಾರೆ?

ಸಿಕ್ಕಿಬಿದ್ದದ್ದು ಒಂದು ದಿನ ಒಗೆಯುವಾಗ. ಕ್ಯಾಪನ್ನು ಒಳಮೈ ಹೊರಗೆ ಮಾಡಿದೆ. ಒಳಗಡೆ, ಎಲಾಸ್ಟಿಕ್ ಕೂತಿರುವ ಪಟ್ಟಿಯ ಅಂಚಿನಲ್ಲಿ ಓವರ್‌ಲಾಕ್ ಹೊಲಿಗೆ, ಅಂದರೆ ಬಟ್ಟೆಯ ಅಂಚು ಬಿಚ್ಚಿಕೊಳ್ಳದಂತೆ ಸುತ್ತಿ ಹಾಕುವ ಮೆಷಿನ್ ಹೊಲಿಗೆ. ಒರಟು ನೈಲಾನ್ ದಾರ. ಆ ಹೊಲಿಗೆಯ ಸಂದಿಯಲ್ಲಿ ಸಣ್ಣ ಸಣ್ಣ ಕೂದಲ ಚೂರುಗಳು, ಕ್ಷೌರ ಮಾಡಿಸಿಕೊಂಡ ಮೇಲೆ ಕಾಲರಿನಲ್ಲಿ ಉಳಿಯುತ್ತವಲ್ಲ, ಹಾಗೆ. ಕೈಗೆ ತೆಗೆದುಕೊಂಡು ನೋಡಿದರೆ ಒಂದಕ್ಕೂ ಬುಡದಲ್ಲಿ ಸಣ್ಣ ಬಿಳಿ ಗಂಟು ಇಲ್ಲ. ತಾನಾಗಿ ಉದುರಿದ ಕೂದಲಿಗೆ ಅದು ಇರುತ್ತದೆ. ಕ್ಯಾಪನ್ನು ಹಾಕಿಕೊಂಡು ಎಲಾಸ್ಟಿಕ್ ಎಲ್ಲಿ ಬರುತ್ತದೆ ಅಂತ ಬೆರಳಿಟ್ಟು ನೋಡಿದೆ. ಗಿಡ್ಡ ಕೂದಲ ಸಾಲು ಸರಿಯಾಗಿ ಅದೇ ಗೆರೆ.

ಯೋಚಿಸಿದರೆ ಅದು ಹಾಗೇ ಆಗಬೇಕು. ಕ್ಯಾಪಿನ ಹಿಂಭಾಗ ತಲೆಯ ಭಾರಕ್ಕೆ ದಿಂಬಿಗೆ ಅಂಟಿಕೊಂಡಿರುತ್ತದೆ. ನಾವು ಮಗ್ಗುಲು ಬದಲಿಸಿದಾಗ ಕುತ್ತಿಗೆ ತಿರುಗುತ್ತದೆ, ಎಲಾಸ್ಟಿಕ್ ತಿರುಗುವುದಿಲ್ಲ. ಮಧ್ಯೆ ಸಿಕ್ಕ ಕೂದಲು ಗರಗಸಕ್ಕೆ ಕೊಟ್ಟ ಹಾಗೆ. ಕುತ್ತಿಗೆ ಹಿಂದಿನ ಕೂದಲು ಮೊದಲೇ ತೆಳು. ನನ್ನ ತಪ್ಪೂ ಇತ್ತು ಅನ್ನಿ. ರಾತ್ರಿ ತಲೆಸ್ನಾನ ಮಾಡಿ, ಮುಕ್ಕಾಲು ಒಣಗಿದ ಮೇಲೆ ಕ್ಯಾಪ್ ಹಾಕಿಕೊಂಡುಬಿಡುತ್ತಿದ್ದೆ. ಎಲ್ಲಕ್ಕಿಂತ ಕೊನೆಗೆ ಒಣಗುವುದು ಅದೇ ಜಾಗ. ಒದ್ದೆ ಕೂದಲು ಜಾಸ್ತಿ ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ.

ಎರಡು ಸ್ಟಾರ್ ಕೊಟ್ಟದ್ದು ಅವತ್ತು ರಾತ್ರಿ.

ಬಿಸಾಡಬೇಕು ಅಂತಲೇ ಇದ್ದೆ. ಆದರೆ ಬಟ್ಟೆ ಇನ್ನೂ ಚೆನ್ನಾಗಿತ್ತು, ಹೊಸದು ಕೊಳ್ಳುವ ಮನಸ್ಸೂ ಇರಲಿಲ್ಲ. ಮುಂಭಾಗದಲ್ಲಿ, ಹಣೆಯ ನೇರಕ್ಕೆ, ಪಟ್ಟಿಯ ಹೊಲಿಗೆ ಎರಡು ಕಡೆ ಸ್ವಲ್ಪ ಬಿಚ್ಚಿ ಎಲಾಸ್ಟಿಕ್ ಎಳೆದು ತೆಗೆದೆ. ಹಳೇ ಪೈಜಾಮದ ಲಾಡಿಯನ್ನು ಪಿನ್ನಿಗೆ ಸಿಕ್ಕಿಸಿ ಸುತ್ತ ಪೋಣಿಸಿದೆ. ಹಿಂದುಗಡೆಯ ಒರಟು ಹೊಲಿಗೆಯ ಮೇಲೆ ಹಳೇ ಕೋಟಿನ ಲೈನಿಂಗ್ ಬಟ್ಟೆಯ ಪಟ್ಟಿ ಇಟ್ಟು ಕೈಹೊಲಿಗೆ ಹಾಕಿದೆ. ಹೊಲಿಗೆ ನೋಡಲು ಚೆನ್ನಾಗಿಲ್ಲ. ಕತ್ತಲಲ್ಲಿ ಯಾರು ನೋಡುತ್ತಾರೆ?

ಈಗ ಗಂಟು ಹಣೆಯ ಮೇಲೆ ಬರುತ್ತದೆ, ಹಿಂದೆ ಬರೀ ಬಟ್ಟೆ. ಲಾಡಿ ಎಷ್ಟು ಬಿಗಿ ಇರಬೇಕು ಅಂದರೆ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಬೆಳಿಗ್ಗೆ ಹಣೆ ಮೇಲೆ ಗೆರೆ ಬಿದ್ದಿದ್ದರೆ ಬಿಗಿ ಜಾಸ್ತಿಯಾಗಿದೆ ಅಂತಲೇ ಲೆಕ್ಕ.

ಮಲಗುವ ಮುಂಚಿನ ಆ ಹತ್ತು ನಿಮಿಷ ನನಗೀಗ ದಿನದ ಒಳ್ಳೆಯ ಹೊತ್ತು. ದೀಪ ಸಣ್ಣ ಮಾಡಿಕೊಂಡು ಹಾಸಿಗೆ ಅಂಚಿನಲ್ಲಿ ಕೂರುತ್ತೇನೆ. ದೊಡ್ಡ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಶುರುಮಾಡಿ ಮೇಲಕ್ಕೆ ಬರುತ್ತೇನೆ. ಕುತ್ತಿಗೆ ಹತ್ತಿರದ ಸಿಕ್ಕಿಗೆ ಬಾಚಣಿಗೆ ಇಲ್ಲ, ಬೆರಳೇ. ಬೆರಳ ತುದಿಗೆ ಒಂದೇ ಒಂದು ಹನಿ ಎಣ್ಣೆ ತಗೊಂಡು ಆ ಗಿಡ್ಡ ಕೂದಲಿಗೆ ಸವರುತ್ತೇನೆ. ಆಮೇಲೆ ತಲೆ ಮುಂದಕ್ಕೆ ಬಗ್ಗಿಸಿ ಎಲ್ಲವನ್ನೂ ನೆತ್ತಿಯ ಕಡೆಗೆ ತಂದು ಎರಡು ಸಡಿಲ ಜಡೆ. ರಬ್ಬರ್ ಬ್ಯಾಂಡ್ ಇಲ್ಲ, ತುದಿಗೆ ಬಟ್ಟೆ ರಿಬ್ಬನ್. ಬಗ್ಗಿದ ಹಾಗೇ ಕ್ಯಾಪನ್ನು ಹಿಂದಿನಿಂದ ಮುಂದಕ್ಕೆ ಎಳೆದುಕೊಂಡರೆ ಕುತ್ತಿಗೆ ಹಿಂದಿನ ಕೂದಲು ಕೆಳಮುಖವಾಗಿ ಮಡಚಿಕೊಳ್ಳುವುದಿಲ್ಲ, ಮೇಲ್ಮುಖವಾಗಿ ಒಳಗೆ ಕೂರುತ್ತದೆ. ಕನ್ನಡಿಯಲ್ಲಿ ನೋಡಿಕೊಂಡರೆ ಅಣಬೆ. ನಗು ಬರುತ್ತದೆ, ಬರಲಿ.

ಲಾಡಿ ಹಾಕಿದ ಮೇಲೆ ಒಂದು ತೊಂದರೆ ಶುರುವಾಯಿತು. ವಾರಕ್ಕೆ ಎರಡು ಸಲವಾದರೂ ಕ್ಯಾಪ್ ನಡುರಾತ್ರಿ ಕಳಚಿಕೊಳ್ಳುತ್ತದೆ. ಅದಕ್ಕೆ ಸ್ಯಾಟಿನ್ ದಿಂಬಿನ ಕವರ್ ತಂದೆ, ಕ್ಯಾಪ್ ಹೋದರೂ ಕೂದಲು ಹತ್ತಿಗೆ ಉಜ್ಜದಿರಲಿ ಅಂತ. ಸ್ಯಾಟಿನ್ ಮೇಲೆ ಸ್ಯಾಟಿನ್ ಇಟ್ಟರೆ ಇನ್ನೂ ಜಾರುತ್ತದೆ ಅನ್ನುವುದು ತಂದ ಮೇಲೆ ಹೊಳೆಯಿತು. ಆದರೂ ಕವರ್ ಇಟ್ಟುಕೊಂಡಿದ್ದೇನೆ. ಕೆನ್ನೆಗೆ ತಣ್ಣಗಿರುತ್ತದೆ, ಬೆಳಿಗ್ಗೆ ಮುಖದ ಮೇಲೆ ದಿಂಬಿನ ಮಡಿಕೆಯ ಅಚ್ಚು ಬೀಳುವುದೂ ಕಡಿಮೆಯಾಗಿದೆ. ನಿಜ ಹೇಳಬೇಕೆಂದರೆ ಕೂದಲು ಗಿಡ್ಡ ಇರುವವರಿಗೆ ಕ್ಯಾಪೇ ಬೇಡ, ಈ ಕವರ್ ಒಂದೇ ಸಾಕು.

ರೇಷ್ಮೆಯದ್ದು ಯಾಕೆ ತಗೊಳ್ಳಲಿಲ್ಲ ಅಂದರೆ, ನನ್ನ ಬಜೆಟ್ಟಿಗೆ ಅದು ದೂರ. ಕೊಳ್ಳುವವರು ಒಂದು ತಿಳಿದಿರಿ. ಸ್ಯಾಟಿನ್ ಅನ್ನುವುದು ನೇಯ್ಗೆಯ ಹೆಸರು, ರೇಷ್ಮೆ ನೂಲಿನ ಹೆಸರು. ‘ಸಿಲ್ಕಿ’ ಅಂತ ಬರೆದಿದ್ದರೆ ಒಳಗಿನ ಚೀಟಿ ಓದಿ, ಬಹಳ ಸಲ ಪಾಲಿಯೆಸ್ಟರ್ ಇರುತ್ತದೆ. ನನ್ನದೂ ಅದೇ. ಸೆಕೆಗಾಲದಲ್ಲಿ ತಲೆ ಬೆವರುತ್ತದೆ, ಅದೊಂದು ಕಿರಿಕಿರಿ. ಒಗೆಯುವುದು ಮಾತ್ರ ಸುಲಭ. ವಾರಕ್ಕೊಮ್ಮೆ ಒಗೆಯಿರಿ, ಇಲ್ಲದಿದ್ದರೆ ಎಣ್ಣೆ ಜಿಡ್ಡೆಲ್ಲ ಹಣೆಗೆ ಬಂದು ಕೂರುತ್ತದೆ.

ಕ್ಯಾಪ್, ರಬ್ಬರ್ ಬ್ಯಾಂಡ್ ಏನೂ ಇಲ್ಲದೆಯೂ ಕುತ್ತಿಗೆ ಹಿಂದೆ ಕೂದಲು ಹೋಗುತ್ತಿದ್ದರೆ, ತುರಿಕೆ ಇದ್ದರೆ, ದುಂಡಗೆ ಬೋಳಾಗುತ್ತಿದ್ದರೆ ನನ್ನ ಲಾಡಿ ಉಪಾಯ ನಂಬಿ ಕೂರಬೇಡಿ. ಚರ್ಮದ ಡಾಕ್ಟರಿಗೆ ತೋರಿಸಿ.

ಎಲಾಸ್ಟಿಕ್ ಕಿತ್ತು ಏಳು ತಿಂಗಳಾಯಿತು. 4 ಸೆಂಟಿಮೀಟರ್ ಇದ್ದದ್ದು ಮೊನ್ನೆ ಸ್ಕೇಲ್ ಹಿಡಿದರೆ 11 ದಾಟಿದೆ. ತುರುಬಿಗೆ ಇನ್ನೂ ಎಟುಕುವುದಿಲ್ಲ, ಜಡೆಯ ಮೊದಲ ಹೆಣಿಗೆಗೆ ಮಾತ್ರ ಸೇರಿಕೊಳ್ಳುತ್ತಿದೆ. ಮೂರೂವರೆಯಲ್ಲಿ ಎರಡು ಸ್ಟಾರ್ ಬಟ್ಟೆಗೆ, ಒಂದೂವರೆ ನನ್ನ ಲಾಡಿಗೆ.

ಇನ್ನೊಂದು ಕೊಳ್ಳುತ್ತೀರಾ ಅಂದರೆ, ಕೊಳ್ಳುತ್ತೇನೆ. ಈ ಸಲ ಕಟ್ಟುವ ದಾರ ಇರುವಂಥದ್ದು, ಒಳಗೂ ಸ್ಯಾಟಿನ್ ಲೈನಿಂಗ್ ಇರುವಂಥದ್ದು. ಮತ್ತೆ ಬಿಳಿ ಬಣ್ಣದ್ದು. ನಡುರಾತ್ರಿ ಕತ್ತಲಲ್ಲಿ ಕಪ್ಪು ಕ್ಯಾಪನ್ನು ತಡಕಾಡಿ ತಡಕಾಡಿ ಸಾಕಾಗಿದೆ.